ಮಂಗಳೂರಿನ ಮನೆಗಳಲ್ಲಿ ಹಳೆಯ ಇಂಗ್ಲಿಷು

ಮಂಗಳೂರಿನಲ್ಲಿ ಒಂದು ಮನೆಯ ವಿಳಾಸ ಹುಡುಕಹೊರಟವರಿಗೆ ಮೊದಲು ಎದುರಾಗುವ ಮಾತು ‘ಕಂಪೌಂಡು’. ಗೋಡೆಯೂ ಕಂಪೌಂಡೇ, ಗೋಡೆಯೊಳಗಿನ ಹಿತ್ತಿಲೂ ಕಂಪೌಂಡೇ. ಒಂದೇ ಮನೆತನದ ನಾಲ್ಕಾರು ಮನೆಗಳು ಕೂಡಿದ ಜಾಗವೂ ಕಂಪೌಂಡೇ. ಅಪ್ಪಟ ಇಂಗ್ಲಿಷೆಂದು ನಾವು ನಂಬಿರುವ ಈ ಮಾತು ಮಲಯ ಭಾಷೆಯ ‘ಕಂಪುಂಗ್’ ಎಂಬುದರಿಂದ ಬಂದಿರಬೇಕೆಂದು ಬಲ್ಲವರು ಹೇಳುತ್ತಾರೆ. ಪೂರ್ವದ ಬಂದರುಗಳಲ್ಲಿ ವ್ಯಾಪಾರಕ್ಕೆ ನಿಂತ ಐರೋಪ್ಯರು ಅದನ್ನು ಹೊತ್ತು ತಂದು ನಮ್ಮ ಅಂಗಳದಲ್ಲಿಳಿಸಿದರು.

ಹೀಗೆಂದು ವಾದಿಸಿದ ಗ್ರಂಥ ‘ಹಾಬ್ಸನ್-ಜಾಬ್ಸನ್’. ಹಿಂದುಸ್ತಾನದಲ್ಲಿದ್ದ ಆಂಗ್ಲರ ಬಾಯಲ್ಲಿ ಹುಟ್ಟಿದ, ತಿರುಚಿದ, ಸವೆದ ಮಾತುಗಳ ಈ ಕೋಶ ಲಂಡನ್ನಿನಲ್ಲಿ 1886ರಲ್ಲಿ ಹೊರಬಂತು. ಹೆಸರೇ ಒಂದು ವಿನೋದ. ಮೊಹರಮ್ಮಿನ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಗೋರಾ ಸಿಪಾಯಿಗಳ ಕಿವಿಯಲ್ಲಿ ಹಾಗಾಯಿತಂತೆ! ಸಂಪಾದಕರು ಇಬ್ಬರು: ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್. ಬರ್ನೆಲ್ ನಮ್ಮ ಊರಿಗೆ ಹೊಸಬರಲ್ಲ. ಮದರಾಸು ಸಿವಿಲ್ ಸರ್ವಿಸಿನ ಅವರು ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದರು. ದಕ್ಷಿಣದ ಲಿಪಿಗಳನ್ನು ಕುರಿತ ಅವರ ಗ್ರಂಥ 1874ರಲ್ಲಿ ಇಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾಯಿತು. ತುಳುನಾಡಿನ ಭೂತಾರಾಧನೆಯ ವಿಷಯದಲ್ಲಿ ಅವರು ಕೂಡಿಸಿದ ಕಾಗದಗಳು ಅವರ ಕಾಲಾನಂತರ ಪ್ರಕಟವಾದವು. ಬರ್ನೆಲ್ 1882ರಲ್ಲಿ ತೀರಿಕೊಂಡರು. ಕೋಶವನ್ನು ಯೂಲ್ ಒಬ್ಬರೇ ಮುಗಿಸಿದರು. ಅದೇ 1886ರಲ್ಲಿ ಮಂಗಳೂರಿನಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಹೊರಬಂದದ್ದು ಒಂದು ಸೊಗಸಾದ ಯೋಗಾಯೋಗ.

ಈ ಕೋಶದ ಹಲವು ಮಾತುಗಳು ಇಂದು ತೀರಿಹೋಗಿವೆ. ಹಡಗಿನಿಂದ ಆಗತಾನೆ ಇಳಿದ, ಇಲ್ಲಿಯ ರೀತಿನೀತಿ ತಿಳಿಯದ ಗೋರಾ ತರುಣನನ್ನು ‘ಗ್ರಿಫಿನ್’ ಎನ್ನುತ್ತಿದ್ದರು. ಅವನಿಗೂ ಊರವರಿಗೂ ನಡುವೆ ನಿಂತು ವ್ಯವಹಾರ ನಡೆಸುವವನು ‘ದುಬಾಷ್’, ಎಂದರೆ ನಮ್ಮ ದುಭಾಷಿ. ಇಬ್ಬರೂ ಈಗ ಇಲ್ಲ. ಆದರೆ ‘ಟಿಫಿನ್’ ಬದುಕಿಕೊಂಡಿತು. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಗುಟುಕು ಏರಿಸುವುದಕ್ಕೆ ಇಂಗ್ಲೆಂಡಿನ ಆಡುಮಾತಿನಲ್ಲಿ ‘ಟಿಫಿಂಗ್’ ಎಂಬ ಮಾತಿತ್ತು. ಅಲ್ಲಿ ಅದು ಮರೆಯಾಯಿತು. ಇಲ್ಲಿ ಮೊದಲು ದೊರೆಗಳ ಮಧ್ಯಾಹ್ನದ ಲಘು ಊಟವಾಯಿತು. ಆಮೇಲೆ ಮದ್ಯವನ್ನು ತ್ಯಜಿಸಿ, ಇಡ್ಲಿ-ಸಾಂಬಾರಿನ ಸಹವಾಸಕ್ಕೆ ಬಿದ್ದು, ಸದ್ಗೃಹಸ್ಥನಾಗಿ ನಮ್ಮ ಹೊಟೇಲುಗಳಲ್ಲಿ ನೆಲೆಸಿತು.

ಇದಿಷ್ಟೇ ಆದರೆ ಮಾತಿನ ವಿನೋದ. ಹಳೆಯ ಕಾಗದ ಓದುವವರಿಗೆ ಇದು ವಿನೋದವಲ್ಲ. ‘ಪಗೋಡ’ ಎಂಬ ಮಾತನ್ನು ನೋಡಿ. ಇಂದಿನ ವಿದ್ಯಾರ್ಥಿಗೆ ಅದು ಬರ್ಮಾ, ಚೀನಗಳ ಅಂತಸ್ತಿನ ಗೋಪುರ. ಹದಿನೇಳು, ಹದಿನೆಂಟನೆಯ ಶತಮಾನಗಳ ಐರೋಪ್ಯರ ಬರಹದಲ್ಲಿ ಅದಕ್ಕೆ ಮೂರು ಅರ್ಥ: ದೇವಾಲಯ, ದೇವರ ವಿಗ್ರಹ ಮತ್ತು ದೇವರ ರೂಪವನ್ನು ಹೊತ್ತ ಚಿನ್ನದ ನಾಣ್ಯ, ಎಂದರೆ ನಮ್ಮ ವರಹ. ಒಂದು ಪಗೋಡಕ್ಕೆ ಇಷ್ಟು ಪಗೋಡ ಸಲ್ಲುತ್ತಿತ್ತು ಎಂಬ ವಾಕ್ಯ ಆ ಕಾಲದವರನ್ನು ನಗಿಸುತ್ತಿರಲಿಲ್ಲ. ಗುಡಿಗೆ ವರಹ ಸಲ್ಲುವುದು ದಿನದ ಮಾತು.

ವರಹವೆಂದು ತಿಳಿದರೂ ಕೆಲಸ ಮುಗಿಯದು. ಯಾವ ವರಹ ಎಂದು ಕೇಳಬೇಕು. ಮದರಾಸಿನ ಲೆಕ್ಕದಲ್ಲಿ 80 ಕಾಸಿಗೆ ಒಂದು ‘ಫನಂ’, 42 ಫನಂಗೆ ಒಂದು ‘ಸ್ಟಾರ್ ಪಗೋಡ’. ಈ ‘ಫನಂ’ ನಮ್ಮ ‘ಹಣ’ದ ಅಣ್ಣತಮ್ಮನೇ. 1818ರಲ್ಲಿ ರೂಪಾಯಿ ಪದ್ಧತಿ ಬಂದಾಗ ಅಂಥ ಒಂದು ಪಗೋಡಕ್ಕೆ ಮೂರೂವರೆ ರೂಪಾಯಿ ಕಟ್ಟಿದರು. ಆದರೆ 1799ರಲ್ಲಿ ಕಂಪೆನಿಯ ಕೈಗೆ ಬಂದ ಕೆನರಾ ಸೀಮೆಯಲ್ಲಿ ಥಾಮಸ್ ಮನ್ರೋ ಕಂದಾಯದ ಲೆಕ್ಕಕ್ಕೆ ಕುಳಿತಾಗ ಇಲ್ಲಿ ನಡೆಯುತ್ತಿದ್ದದ್ದು ಹೈದರನ ಹೆಸರಿನ ಬಹಾದ್ದೂರಿ ವರಹ. ಅದರ ಬೆಲೆ ಸುಮಾರು ನಾಲ್ಕು ರೂಪಾಯಿ. ಒಂದನ್ನು ಇನ್ನೊಂದೆಂದು ತಿಳಿದು ಕೂಡಿಸಿದರೆ, ಒಂದು ಮಾಗಣೆಯ ತೀರುವೆಯನ್ನೇ ತಪ್ಪಾಗಿ ಬರೆದಂತಾಗುತ್ತದೆ. ಅಕ್ಷರ ಓದಲು ಬಂದರೂ ಮಾತು ತಿಳಿಯದಿದ್ದರೆ ಕಾಗದ ಮೂಕ.

ಕೊನೆಗೆ ‘ಕೆನರಾ’ ಎಂಬ ಮಾತೇ ಅಂಥದು. ‘ಕನ್ನಡ’ವೆಂಬುದನ್ನು ಪೋರ್ಚುಗೀಸರು ತಮ್ಮ ನಾಲಗೆಗೆ ಒಗ್ಗಿಸಿಕೊಂಡಾಗ ಹುಟ್ಟಿದ ರೂಪ ಅದು. ಆಂಗ್ಲರು ಅದನ್ನೇ ಹಿಡಿದು, ಮುಂದೆ ಜಿಲ್ಲೆಯನ್ನು ಉತ್ತರ, ದಕ್ಷಿಣವೆಂದು ಇಬ್ಭಾಗಿಸಿದರು. ಈಗ ಸರಕಾರಿ ಕಾಗದದಲ್ಲಿ ದಕ್ಷಿಣ ಕನ್ನಡವೆಂದೇ ಬರೆಯುತ್ತಾರೆ. ಆದರೆ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ತೆರೆದ ಶಾಲೆಯ ಹೆಸರಿನಲ್ಲಿ, 1906ರಲ್ಲಿ ಸ್ಥಾಪಿಸಿದ ನಿಧಿಯಿಂದ ಬೆಳೆದ ಬ್ಯಾಂಕಿನ ಹೆಸರಿನಲ್ಲಿ ಕೆನರಾ ಇನ್ನೂ ಕುಳಿತಿದೆ. ಪರಕೀಯರ ತಪ್ಪುಚ್ಚಾರಣೆಯೂ ನೂರು ವರ್ಷ ಊರಿನ ಅನ್ನ ಉಂಡರೆ ಊರಿನದೇ ಆಗುತ್ತದೆ.

ನಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಗೇಣಿಚೀಟಿ, ತೀರ್ಪಿನ ನಕಲು, ಉಂಬಳಿಯ ಪತ್ರಗಳು ಇನ್ನೂ ಉಳಿದಿರಬಹುದು. ಅರ್ಥವಾಗದ ಇಂಗ್ಲಿಷೆಂದು ಅವನ್ನು ರದ್ದಿಗೆ ಹಾಕುವ ಮುನ್ನ ಬರ್ನೆಲ್ ಸಾಹೇಬರ ಕೋಶವನ್ನೊಮ್ಮೆ ತೆರೆದು ನೋಡುವುದು ಲೇಸು. ಅಜ್ಜನ ಭೂಮಿಯ ಕಥೆ ಅಲ್ಲಿಯ ಒಂದು ಸತ್ತ ಮಾತಿನಲ್ಲಿ ಅಡಗಿದ್ದೀತು.