ಕೌದಿ ಮೂಲ್ಯಾಗಿನ ಹೂವು

ಹಳೇ ಸೀರಿಯ ಕೌದಿ ನಮಗೆಲ್ಲ ಗೊತ್ತು. ಆದ್ರ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಣ್ಮಕ್ಕಳ ಕೌದಿಗೆ ದೊಡ್ಡ ಚರಿತ್ರೆನ ಐತ್ರಿ. ಅವರ ಹಿರೇರಲ್ಲಿ ಭಾಳ ಮಂದೀನ 16ನೇ ಶತಮಾನದಿಂದ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕ ತಂದ್ರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಈ ಕಾಡು ಸೇರಿದ್ರು.

ಅವರು ಅಂಚಿನಿಂದ ಶುರು ಮಾಡಿ ಸುತ್ತ ಹೊಲೀತಾ ನಡುವಿಗೆ ಬರ್ತಾರ. ಮೂಲಿಗೆ ಬಟ್ಟೆ ಮಡಚಿ ‘ಫೂಲ’ ಅಂದ್ರ ಹೂವು ಇಡ್ತಾರ. ಅದಿಲ್ಲದ ಕೌದಿ ಬೆತ್ತಲೆ ಅಂತಾರ. ಚಳಿಗೆ ಹೂವು ಬೇಕಿಲ್ಲ, ಮನಸ್ಸಿಗೆ ಬೇಕು. ಸರ್ಕಾರ ಅವರನ್ನ ಪರಿಶಿಷ್ಟ ಪಂಗಡ ಅಂದದ್ದು 2003ರಾಗ; ಹೂವು ಅವರ ಗುರುತು ಮೊದಲ ಹೇಳಿತ್ತು.

ನಮ್ಮವ್ವನ ಕೌದೀನ ನಾನು ಪ್ಲಾಸ್ಟಿಕ್ ಬಕೀಟಿಗೆ ಕೊಟ್ಟುಬಿಟ್ಟೆ. ಅದರ ಮೂಲ್ಯಾಗ ಏನಿತ್ತು, ಒಮ್ಮೆನೂ ನೋಡಿರಲಿಲ್ಲ.