ಅಲೆಮಾರಿಗಳ ಬ್ಯಾಟರಿ

ಗದಗ ಸೀಮೆಯ ಹಳ್ಳಿಗಳಲ್ಲಿ ‘ಬ್ಯಾಟರಿ ತಾ’ ಅಂದರೆ ಇಂದಿಗೂ ಟಾರ್ಚ್ ತರುತ್ತಾರೆ. ನಾಗಾವಿ, ಶಿರಹಟ್ಟಿ, ಮುಂಡರಗಿ ಕಡೆಯ ಕುರಿಗಾರರಿಗೆ ಕರೆಂಟೆಂದರೆ ಬಹುಕಾಲ ಇದ್ದದ್ದು ಅದೊಂದೇ. ಕಡಲೆ, ಜೋಳ ಕಟಾವಾದ ಎರಿಹೊಲದಲ್ಲಿ ಹಿಂಡು ತರುಬಿದ ರಾತ್ರಿ, ತೋಳದ ಸಪ್ಪಳವಾದರೆ ಮಾತ್ರ ಗುಂಡಿ ಒತ್ತಬೇಕು. ಸೆಲ್ಲು ಸೋತರೆ ಮರುದಿನ ಕಂಬಳಿಯ ಮೇಲೆ ಸಾಲಾಗಿ ಬಿಸಿಲಿಗಿಡುತ್ತಿದ್ದರು. ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗಿ ಅದು ಇನ್ನೊಂದು ರಾತ್ರಿ ಮಂಕಾಗಿ ಉರಿಯುತ್ತಿತ್ತು. ತಂತಿಯಿಲ್ಲದ ಬಯಲಲ್ಲಿ ತಂಗುವವರ ವಿದ್ಯುತ್ ಲೆಕ್ಕ ಅಂದೂ ಇಂದೂ ಒಂದೇ: ಬೆಳಗಾಗುವವರೆಗೆ ಎಷ್ಟು ಖರ್ಚು ಮಾಡಬಹುದು?

ಇದೇ ನಾಡು ಇನ್ನೊಂದು ಅಲೆಮಾರಿ ಬದುಕಿಗೂ, ಊರೂರು ತಿರುಗುವ ನಾಟಕದವರ ಬದುಕಿಗೂ, ತವರು. 1870ರ ದಶಕದಲ್ಲಿ ಶಾಂತಕವಿಗಳು ಗದಗದಲ್ಲಿ ನಾಟಕ ಮಂಡಳಿ ಕಟ್ಟಿದಾಗ ರಂಗದ ಬೆಳಕೆಲ್ಲ ಎಣ್ಣೆಯದು. 1910ರ ಸುಮಾರಿಗೆ ಜರ್ಮನಿಯಲ್ಲಿ ಹುಟ್ಟಿದ ಪೆಟ್ರೋಮ್ಯಾಕ್ಸ್ ಇಲ್ಲಿ ‘ಗ್ಯಾಸ್ ಬತ್ತಿ’ಯಾಯಿತು. ಪಂಪು ಹೊಡೆದು, ಮ್ಯಾಂಟಲ್ ಉದುರದಂತೆ ಹುಷಾರಾಗಿ ಎತ್ತಿ ತೂಗುಹಾಕುವುದೇ ಒಂದು ಕಸುಬು. ಆಮೇಲೆ ಜಾತ್ರೆಯ ಟೆಂಟುಗಳ ಹಿಂದೆ ಡೀಸೆಲ್ ಜನರೇಟರ್ ಗುಡುಗಿತು. ಅದು ತಿರುಗುವಷ್ಟು ಹೊತ್ತು ಬೆಳಕು, ನಿಂತರೆ ಕತ್ತಲು. ಕೂಡಿಡುವ ಗುಣ ಅದಕ್ಕಿಲ್ಲ.

ಕೂಡಿಡುವ ವಿದ್ಯೆ ಹಳೆಯದೇ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲೇ ಸೀಸ-ಆಮ್ಲದ ಬ್ಯಾಟರಿ ಮಾಡಿದ್ದ. ಲಾರಿ, ಟ್ರ್ಯಾಕ್ಟರುಗಳ ಜೊತೆ ಅದು ನಮ್ಮ ಹಳ್ಳಿಗಳಿಗೂ ಬಂತು. ಆದರೆ ಎಂಜಿನ್ ಎಬ್ಬಿಸುವ ಬ್ಯಾಟರಿಯ ಕೆಲಸವೇ ಬೇರೆ. ಅದು ಕ್ಷಣಹೊತ್ತು ಜೋರಾಗಿ ಕೊಟ್ಟು ಮತ್ತೆ ತುಂಬಿಕೊಳ್ಳುವಂಥದ್ದು. ಇಡೀ ರಾತ್ರಿ ಫ್ಯಾನು, ದೀಪ ಹಚ್ಚಿದರೆ ಬೆಳಿಗ್ಗೆ ಲಾರಿ ತಳ್ಳಬೇಕಾಗುತ್ತದೆ. ವಾಹನದಲ್ಲೇ ಮನೆ ಮಾಡುವವರು ಕಲಿತ ಮೊದಲ ಪಾಠವಿದು: ಎಂಜಿನ್ನಿಗೊಂದು ಬ್ಯಾಟರಿ, ಸಂಸಾರಕ್ಕೊಂದು ಬ್ಯಾಟರಿ, ನಡುವೆ ಅವೆರಡನ್ನೂ ಬೇರ್ಪಡಿಸುವ ಸ್ವಿಚ್ಚು.

ಆ ಸಂಸಾರದ ಬ್ಯಾಟರಿಗೂ ಮಿತಿಯಿದೆ. 12 ವೋಲ್ಟ್, 100 ಆಂಪಿಯರ್-ಅವರ್ ಅಂದರೆ ಕಾಗದದ ಮೇಲೆ 1,200 ವ್ಯಾಟ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದಷ್ಟೂ ಅದರ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ಕೈಗೆ ಸಿಗುವುದು 600ರಷ್ಟೇ. ಬಿಸಿಲು ಅದಕ್ಕೆ ಇನ್ನೊಂದು ಶತ್ರು. ಉಷ್ಣತೆ 10 ಡಿಗ್ರಿ ಏರಿದರೆ ಬಾಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಹಳೆಯ ಲೆಕ್ಕ. ಏಪ್ರಿಲ್ ತಿಂಗಳ ಲಕ್ಷ್ಮೇಶ್ವರದಲ್ಲಿ ಡಿಸ್ಟಿಲ್ಡ್ ವಾಟರಿನ ಬಾಟಲಿಯನ್ನು ಕೈಗೆಟಕುವಲ್ಲೇ ಇಟ್ಟುಕೊಳ್ಳಬೇಕು.

ಈ ಇಡೀ ಕಥೆಯ ದೊಡ್ಡ ತಿರುವು ಬ್ಯಾಟರಿಯಿಂದ ಬರಲಿಲ್ಲ, ದೀಪದಿಂದ ಬಂತು. 600 ವ್ಯಾಟ್-ಅವರಿನಲ್ಲಿ 60 ವ್ಯಾಟಿನ ಹಳೆಯ ಬಲ್ಬು ಉರಿಯುವುದು ಹತ್ತು ತಾಸು. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ 66 ತಾಸು ಉರಿಯುತ್ತದೆ. ಕೊಡ ದೊಡ್ಡದಾಗಲಿಲ್ಲ, ಬಾಯಾರಿಕೆಯೇ ಕಡಿಮೆಯಾಯಿತು. ದೀಪದ ಬಾಯಾರಿಕೆ ತಗ್ಗಿದಷ್ಟೂ ಚಿಕ್ಕ ಸೋಲಾರ್ ಫಲಕವೇ ಸಾಕೆನಿಸಿತು. 1995ರಲ್ಲಿ ಹರೀಶ್ ಹಂದೆಯವರು ಕಟ್ಟಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿತು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 100 ವ್ಯಾಟಿನ ಫಲಕ ನಮ್ಮ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 350ರಿಂದ 400 ವ್ಯಾಟ್-ಅವರ್ ಕೊಟ್ಟೀತು. ಧೂಳು ಕೂತರೆ, ಕಾದು ಕೆಂಡವಾದರೆ, ಆಷಾಢದ ಮೋಡ ಕವಿದರೆ ಅದೂ ಇಲ್ಲ.

ಇತ್ತೀಚಿನ ಮಜಲು ಲಿಥಿಯಂ ಐರನ್ ಫಾಸ್ಫೇಟ್. ಅದನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ 1997ರ ಪ್ರಬಂಧದಲ್ಲಿ ಜಾನ್ ಗುಡ್‌ಇನಫ್ ಜೊತೆ ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ಗುಡ್‌ಇನಫ್ ಅವರಿಗೆ 2019ರ ನೊಬೆಲ್ ಹಂಚಿಕೆಯಾಯಿತು. ಮನೆಯಂಥ ವಾಹನದ, ಅಂದರೆ ಕ್ಯಾರವಾನಿನ, ಮಾತು ಬಂದಾಗ ಉಳಿದ ಆ ಎರಡು ಹೆಸರುಗಳನ್ನೂ ನೆನೆಯಬೇಕು. ಏಕೆಂದರೆ ಅಷ್ಟೇ ಸಾಮರ್ಥ್ಯದ ಈ ಬ್ಯಾಟರಿ ಸೀಸದ್ದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ನೂರಕ್ಕೆ 80-90ರಷ್ಟನ್ನು ನಿಶ್ಚಿಂತೆಯಿಂದ ಬಿಟ್ಟುಕೊಡುತ್ತದೆ.

ಕೇರಳ 2021ರಲ್ಲಿ ‘ಕೇರವಾನ್’ ಪ್ರವಾಸ ನೀತಿ ತಂದಿತು. ಕರ್ನಾಟಕದ ರಸ್ತೆಗಳಲ್ಲೂ ಮನೆಯಂಥ ವ್ಯಾನುಗಳು ಓಡಾಡುತ್ತಿವೆ. ಅವುಗಳ ಒಳಗೆ ಲೆಕ್ಕ ಕೆಡಿಸುವುದು ದೀಪವಲ್ಲ, ಫೋನೂ ಅಲ್ಲ. 12 ವೋಲ್ಟಿನ ಪುಟ್ಟ ಫ್ರಿಜ್ಜೇ ದಿನಕ್ಕೆ 500 ವ್ಯಾಟ್-ಅವರ್ ನುಂಗಬಲ್ಲದು. ಏಸಿ ಹಾಕಿದರಂತೂ ತಾಸಿಗೇ ಸಾವಿರದ ಮಾತು. ಇನ್ವರ್ಟರ್ ಮೂಲಕ 230 ವೋಲ್ಟಿಗೆ ಏರಿಸುವಾಗ ನೂರಕ್ಕೆ ಹತ್ತರಷ್ಟು ದಾರಿಯಲ್ಲೇ ಸೋರುತ್ತದೆ. ಅನುಭವಿಗಳು ಫ್ಯಾನು, ದೀಪಗಳನ್ನು ನೇರ 12 ವೋಲ್ಟಿಗೇ ಜೋಡಿಸುವುದು ಇದಕ್ಕಾಗಿ.

ಇತ್ತ ಗದಗ ಸೀಮೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿವೆ. ಅವುಗಳ ಕರೆಂಟು ದೂರದ ಊರುಗಳಿಗೆ ಹೋಗುತ್ತದೆ. ಕೆಳಗಿನ ಹೊಲದಲ್ಲಿ ತಂಗಿದ ಕುರಿಗಾರ ಹೊತ್ತು ಏರುತ್ತಲೇ ಅಂಗೈಯಗಲದ ಎರಡು ಫಲಕಗಳನ್ನು ಬಿಚ್ಚಿ, ಹಿಂದೆ ಸೆಲ್ಲು ಒಣಗಿಸುತ್ತಿದ್ದಂಥದ್ದೇ ಕರಿಕಂಬಳಿಯ ಮೇಲೆ ಬಿಸಿಲಿಗೆ ಮುಖಮಾಡಿ ಇಡುತ್ತಾನೆ. ಫೋನನ್ನು ಮಾತ್ರ ಕಾಯದಂತೆ ಟವೆಲ್ಲಿನ ನೆರಳಿಗೆ ಸರಿಸುತ್ತಾನೆ.