ಇತ್ಸುಲಿಯಾ: ಬಾಸ್ಕ್ ನಾಡಿನ ಬಹುಹಂತದ ಸೈಕಲ್ ಸ್ಪರ್ಧೆ – ಸಾರ್ವಜನಿಕ ಮಾಹಿತಿ

ಪೀಠಿಕೆ

ಸ್ಪೇನ್ ದೇಶದ ಉತ್ತರ ಅಂಚಿನಲ್ಲಿ, ಬಿಸ್ಕೇ ಕೊಲ್ಲಿಗೆ ಹೊಂದಿಕೊಂಡಿರುವ ಬಾಸ್ಕ್ ಪ್ರದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳ ಮೊದಲ ಭಾಗದಲ್ಲಿ ವೃತ್ತಿಪರ ಸವಾರರಿಗಾಗಿ ಬಹುಹಂತದ ರಸ್ತೆ ಸೈಕಲ್ ಸ್ಪರ್ಧೆಯೊಂದು ಜರುಗುತ್ತದೆ. ಇದನ್ನು ಸ್ಥಳೀಯ ಭಾಷೆಯಲ್ಲಿ ‘ಇತ್ಸುಲಿಯಾ’ ಎಂದು ಕರೆಯಲಾಗುತ್ತದೆ. ಬಾಸ್ಕ್ ಭಾಷೆಯಲ್ಲಿ ಈ ಪದಕ್ಕೆ ‘ಸುತ್ತು’ ಎಂಬ ಅರ್ಥವಿದೆ. (ಜಗತ್ತಿನ ಬೇರಾವ ಭಾಷೆಯೊಂದಿಗೂ ಬಾಸ್ಕ್ ಭಾಷೆಗೆ ನಂಟು ಇರುವುದು ಈವರೆಗೆ ಸಿದ್ಧಪಟ್ಟಿಲ್ಲ.) ಸ್ಪರ್ಧೆಯು ಸಾಮಾನ್ಯವಾಗಿ ಆರು ದಿನಗಳಲ್ಲಿ ಆರು ಹಂತಗಳಾಗಿ ನಡೆಯುತ್ತದೆ. ಪುರುಷರ ರಸ್ತೆ ಸೈಕ್ಲಿಂಗಿನ ಅತ್ಯುನ್ನತ ಶ್ರೇಣಿಯಾದ ವಿಶ್ವ ಪ್ರವಾಸ ಸರಣಿಯಲ್ಲಿ ಇದು ಸೇರಿದೆ.

ಇಲ್ಲಿ ಆಲ್ಪ್ಸ್ ಪರ್ವತಗಳಂತಹ 20 ಕಿ.ಮೀ. ಉದ್ದದ ಘಟ್ಟಗಳಿಲ್ಲ. ಆದರೂ ಒಂದು ವಾರದ ಸ್ಪರ್ಧೆಗಳಲ್ಲಿ ಇದು ಅತ್ಯಂತ ಕಠಿಣವಾದವುಗಳ ಸಾಲಿನಲ್ಲಿದೆ. ಇದಕ್ಕೆ ಮುಖ್ಯ ಕಾರಣ ಆ ನಾಡಿನ ನೆಲದ ರಚನೆ.

ನೆಲ ಮತ್ತು ಹವೆ

ಬಾಸ್ಕ್ ಸ್ವಾಯತ್ತ ಪ್ರದೇಶದಲ್ಲಿ ಬಿಸ್ಕಾಯಾ, ಗಿಪುಸ್ಕೋವಾ ಮತ್ತು ಆಲಾವಾ ಎಂಬ ಮೂರು ಪ್ರಾಂತ್ಯಗಳಿವೆ. ಸ್ಪರ್ಧೆಯ ಮಾರ್ಗವು ಕೆಲವು ವರ್ಷಗಳಲ್ಲಿ ನೆರೆಯ ನವಾರಾವನ್ನೂ ಪ್ರವೇಶಿಸುತ್ತದೆ. ಈ ಭಾಗದ ಬೆಟ್ಟಗಳು ಎತ್ತರದಲ್ಲಿ ಅಸಾಧಾರಣವಾದವುಗಳಲ್ಲ. ಬಿಸ್ಕಾಯಾ ಮತ್ತು ಆಲಾವಾ ಗಡಿಯಲ್ಲಿರುವ ಗೊರ್ಬೆಯಾ ಶಿಖರದ ಎತ್ತರ 1,482 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ನಂದಿ ಬೆಟ್ಟದಷ್ಟು. ಸೈಕಲ್ ಮಾರ್ಗ ಹಾದುಹೋಗುವ ಬಹುತೇಕ ಏರುಗಳು ಇದಕ್ಕಿಂತ ತೀರ ಕೆಳಗೇ ಮುಗಿಯುತ್ತವೆ.

ಕಷ್ಟವಿರುವುದು ಎತ್ತರದಲ್ಲಿ ಅಲ್ಲ, ಕಡಿದಾದ ಏರಿನಲ್ಲಿ ಮತ್ತು ಒಂದಾದ ಮೇಲೊಂದು ಏರು ಬರುವುದರಲ್ಲಿ. ಕಣಿವೆಗಳು ಇಕ್ಕಟ್ಟಾಗಿವೆ. ಊರು, ಕಾರ್ಖಾನೆ, ಹೊಳೆ, ಹೆದ್ದಾರಿ ಎಲ್ಲವೂ ಕಣಿವೆಯ ತಳದಲ್ಲಿಯೇ ಕೂಡಿಕೊಂಡಿವೆ. ಬೆಟ್ಟದ ಮೇಲಿನ ಒಂಟಿ ಮನೆಗಳಿಗೂ ಹುಲ್ಲುಗಾವಲುಗಳಿಗೂ ಹೋಗಲು ಮಾಡಿದ ಕಿರಿದಾದ ರಸ್ತೆಗಳು ಸುತ್ತಿ ಬಳಸದೆ ನೇರವಾಗಿ ಮೇಲೇರುತ್ತವೆ. ಮೂರರಿಂದ ಎಂಟು ಕಿ.ಮೀ. ಉದ್ದದ ಇಂತಹ ಏರುಗಳಲ್ಲಿ ಶೇಕಡ 10ನ್ನು ಮೀರಿದ ಭಾಗಗಳು ಸಾಮಾನ್ಯ. ಗಿಪುಸ್ಕೋವಾದ ಆಯ್ಯಾ ಗ್ರಾಮದ ಬಳಿಯ ಏರು ಕೆಲವೆಡೆ ಶೇಕಡ 20ನ್ನೂ ದಾಟುತ್ತದೆ. ಶೇಕಡ 10 ಎಂದರೆ 100 ಮೀಟರ್ ಮುಂದೆ ಸಾಗುವಷ್ಟರಲ್ಲಿ 10 ಮೀಟರ್ ಮೇಲೇರುವುದು ಎಂದು ತಿಳಿಯತಕ್ಕದ್ದು. ಒಂದು ಏರು ಮುಗಿದ ಕೂಡಲೇ ಇಳಿಜಾರು, ಅದು ಮುಗಿಯುವಷ್ಟರಲ್ಲಿ ಇನ್ನೊಂದು ಏರು. ಉಸಿರು ತಿರುಗಿಸಿಕೊಳ್ಳಲು ಸಮತಟ್ಟಾದ ರಸ್ತೆ ಸಿಗುವುದು ಅಪರೂಪ.

ಇದಕ್ಕೆ ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆ ಜೊತೆಯಾಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಕಡಲ ತೀರದ ಪ್ರಾಂತ್ಯಗಳಲ್ಲಿ ಮಳೆ ಸರ್ವೇಸಾಮಾನ್ಯ. ಮರಗಳ ನೆರಳಿನಲ್ಲಿರುವ ತಿರುವುಗಳು ಮಳೆ ನಿಂತ ನಂತರವೂ ಬೇಗ ಒಣಗುವುದಿಲ್ಲ.

ಇತಿಹಾಸ

ಸ್ಪರ್ಧೆಯು ಮೊದಲ ಬಾರಿಗೆ 1924ರಲ್ಲಿ ನಡೆದು, ಫ್ರಾನ್ಸಿನ ಫ್ರಾನ್ಸಿಸ್ ಪೆಲಿಸಿಯೆ ಜಯಗಳಿಸಿದರು. ಅನಂತರ ನಡುನಡುವೆ ನಿಂತು ಮುಂದುವರಿಯಿತು. 1935ರಲ್ಲಿ ಇಟಲಿಯ ಜೀನೊ ಬಾರ್ತಾಲಿ ಗೆದ್ದರು. ಮರು ವರ್ಷ ಸ್ಪೇನ್‌ನಲ್ಲಿ ಅಂತರ್ಯುದ್ಧ ಆರಂಭವಾಯಿತು. ಈ ಸ್ಪರ್ಧೆ ಪುನಃ ಏರ್ಪಟ್ಟದ್ದು 1969ರಲ್ಲಿ. ಆ ವರ್ಷದ ವಿಜೇತರು ಫ್ರಾನ್ಸಿನ ಜಾಕ್ ಆಂಕ್ವೆಟಿಲ್. ಅಲ್ಲಿಂದೀಚೆಗೆ ಕೊರೋನಾ ಸಾಂಕ್ರಾಮಿಕದಿಂದಾಗಿ 2020ರ ಸ್ಪರ್ಧೆ ರದ್ದಾಯಿತು. ಅತಿ ಹೆಚ್ಚು, ಅಂದರೆ ತಲಾ ನಾಲ್ಕು ಬಾರಿ ಗೆದ್ದವರು ಸ್ಪೇನ್‌ನ ಹೊಸೆ ಆಂಟೋನಿಯೊ ಗೊನ್ಸಾಲೆಸ್ ಲಿನಾರೆಸ್ (1972, 1975, 1977, 1978) ಮತ್ತು ಆಲ್ಬೆರ್ತೊ ಕೊಂತಾದೋರ್ (2008, 2009, 2014, 2016).

ತಮ್ಮ ನಾಡಿನವರೇ ಗೆಲ್ಲಬೇಕೆಂಬುದು ಅಲ್ಲಿನ ಜನರ ಬಯಕೆ. ಅದು ಸುಲಭವಾಗಿ ಈಡೇರುವುದಿಲ್ಲ. 2003ರಲ್ಲಿ ಇಬಾನ್ ಮಾಯೊ ಗೆದ್ದ ನಂತರ ಇನ್ನೊಬ್ಬ ಬಾಸ್ಕ್ ಸವಾರ ಇಯೊನ್ ಇಸಾಗಿರೆ ಗೆಲ್ಲುವುದಕ್ಕೆ 2019ರವರೆಗೆ, ಅಂದರೆ 16 ವರ್ಷ ಕಾಯಬೇಕಾಯಿತು. ವಿಜೇತರಿಗೆ ತೊಡಿಸಲಾಗುವ ‘ಚಪೇಲಾ’ ಎಂಬ ಅಗಲವಾದ ಬಾಸ್ಕ್ ಟೋಪಿಗೆ ಅಲ್ಲಿ ಬಹುಮಾನದ ಹಣಕ್ಕಿಂತ ಹೆಚ್ಚಿನ ಗೌರವವಿದೆ ಎಂದರೆ ತಪ್ಪಾಗಲಾರದು.

ಈ ಸ್ಪರ್ಧೆಯ ಮಹತ್ವಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. ಸ್ಪೇನ್‌ನ ಮೂರು ವಾರಗಳ ರಾಷ್ಟ್ರೀಯ ಪ್ರವಾಸ ಸ್ಪರ್ಧೆಯಾದ ವುಯೆಲ್ತಾ, 1978ರ ನಂತರ ರಾಜಕೀಯ ಉದ್ವಿಗ್ನತೆಯ ಕಾರಣ 33 ವರ್ಷ ಬಾಸ್ಕ್ ಪ್ರದೇಶದೊಳಕ್ಕೆ ಬರಲಿಲ್ಲ. 2011ರಲ್ಲಿ ಅದು ಬಿಲ್ಬಾವೊ ನಗರಕ್ಕೆ ಮರಳಿದಾಗ ಆ ಹಂತವನ್ನು ಗೆದ್ದವರು ಸ್ಥಳೀಯ ಸವಾರ ಇಗೊರ್ ಆಂತೊನ್. ನಡುವಿನ ಅಷ್ಟೂ ವರ್ಷ ಅಲ್ಲಿನ ಅಭಿಮಾನಿಗಳ ಪಾಲಿಗೆ ಇತ್ಸುಲಿಯಾವೇ ಪ್ರಮುಖ ಬಹುಹಂತದ ಸ್ಪರ್ಧೆಯಾಗಿ ಉಳಿದಿತ್ತು. ಮುಂದೆ 2023ರ ಜುಲೈ 1ರಂದು ಫ್ರಾನ್ಸ್ ಪ್ರವಾಸ ಸ್ಪರ್ಧೆಯೂ ಬಿಲ್ಬಾವೊದಿಂದಲೇ ಆರಂಭಗೊಂಡಿತು.

ಮಹಿಳೆಯರ ಇತ್ಸುಲಿಯಾ 2022ರಲ್ಲಿ ಮೂರು ಹಂತಗಳೊಂದಿಗೆ ಪ್ರಾರಂಭವಾಯಿತು. ನೆದರ್‌ಲೆಂಡ್ಸ್‌ನ ಡೆಮಿ ವೊಲೆರಿಂಗ್ ಮೂರೂ ಹಂತಗಳನ್ನು ಗೆದ್ದು ಪ್ರಥಮ ವಿಜೇತೆಯಾದರು.

ಐಬಾರ್ ಪಟ್ಟಣ ಮತ್ತು ಅರಾತೆ ಬೆಟ್ಟ

ಗಿಪುಸ್ಕೋವಾದ ಇಕ್ಕಟ್ಟಾದ ಕಣಿವೆಯೊಂದರಲ್ಲಿರುವ ಐಬಾರ್ ಪಟ್ಟಣವು ಶತಮಾನಗಳ ಕಾಲ ಬಂದೂಕು ತಯಾರಿಕೆಗೆ ಹೆಸರಾಗಿತ್ತು. ಓರ್ಬೆಯಾ ಸಂಸ್ಥೆಯು ಇಲ್ಲಿ 1840ರಲ್ಲಿ ಬಂದೂಕಿನ ಕಾರ್ಖಾನೆಯಾಗಿಯೇ ಸ್ಥಾಪನೆಗೊಂಡಿತು. 1909ರಲ್ಲಿ ಬೈಸ್ತೆಗಿ ಸಹೋದರರು ಸ್ಥಾಪಿಸಿದ ಬಿ.ಎಚ್. ಸಂಸ್ಥೆಯದೂ ಇದೇ ಮೂಲ. ಮೊದಲ ಮಹಾಯುದ್ಧದ ನಂತರ ಆಯುಧಗಳ ಬೇಡಿಕೆ ಕುಸಿದಾಗ ಈ ಕಾರ್ಖಾನೆಗಳ ಮುಂದೆ ಉದ್ಯೋಗದ ಪ್ರಶ್ನೆ ಎದುರಾಯಿತು. ಬಂದೂಕಿನ ನಳಿಗೆಗಾಗಿ ಉಕ್ಕಿನ ಕೊಳವೆಗಳನ್ನು ನಿಖರವಾಗಿ ಮಾಡಬಲ್ಲ ಕೆಲಸಗಾರರಿಗೆ ಸೈಕಲ್ಲಿನ ಚೌಕಟ್ಟು ಹೊಸ ವಿದ್ಯೆಯೇನೂ ಆಗಿರಲಿಲ್ಲ. ಹೀಗೆ ಕಣಿವೆಯು ಸೈಕಲ್ ಉದ್ಯಮದ ಕೇಂದ್ರವಾಯಿತು. ಓರ್ಬೆಯಾ ಅನಂತರದ ವರ್ಷಗಳಲ್ಲಿ ಕಾರ್ಮಿಕರೇ ಮಾಲೀಕರಾಗಿರುವ ಸಹಕಾರಿ ಸಂಸ್ಥೆಯಾಗಿ ಮಾರ್ಪಟ್ಟು, ಇಂದಿಗೂ ವೃತ್ತಿಪರ ಸವಾರರಿಗೆ ಸೈಕಲ್ ಒದಗಿಸುತ್ತಿದೆ.

ಪಟ್ಟಣದ ಮೇಲ್ಭಾಗದಲ್ಲಿ ಅರಾತೆ ದೇವಾಲಯವಿರುವ ಬೆಟ್ಟವಿದೆ. ಇತ್ಸುಲಿಯಾದ ಅನೇಕ ವರ್ಷಗಳ ನಿರ್ಣಾಯಕ ಹಂತಗಳು ಇಲ್ಲಿ ಮುಕ್ತಾಯಗೊಂಡಿವೆ. ಏರಿನ ಉದ್ದ ಸುಮಾರು 5 ಕಿ.ಮೀ., ಸರಾಸರಿ ಏರು ಶೇಕಡ 9ರ ಆಸುಪಾಸು. ಈ ಏರು ಸವಾರನಿಂದ ಅಪೇಕ್ಷಿಸುವ ಶ್ರಮವನ್ನು ಸರಳ ಲೆಕ್ಕದಿಂದ ಅರಿಯಬಹುದು. ಸವಾರನ ತೂಕ 65 ಕಿಲೋ, ಸೈಕಲ್ 7 ಕಿಲೋ, ಉಡುಪು, ಬೂಟು ಮತ್ತು ನೀರು 3 ಕಿಲೋ ಎಂದಾದರೆ ಒಟ್ಟು 75 ಕಿಲೋ ತೂಕವನ್ನು 450 ಮೀಟರ್ ಎತ್ತರಕ್ಕೆ ಒಯ್ಯಬೇಕು. ಇದನ್ನು 15 ನಿಮಿಷದಲ್ಲಿ ಪೂರೈಸಲು, ಗಾಳಿಯ ಪ್ರತಿರೋಧವನ್ನು ಬಿಟ್ಟರೂ, ಪ್ರತಿ ಕ್ಷಣವೂ ಸುಮಾರು 370 ವಾಟ್ ಶಕ್ತಿ ಬೇಕು. ತೂಕ ಒಂದು ಕಿಲೋ ಹೆಚ್ಚಾದರೆ ಅದೇ ಶಕ್ತಿಯಲ್ಲಿ ಸುಮಾರು 12 ಸೆಕೆಂಡು ತಡವಾಗುತ್ತದೆ. 2010ರಲ್ಲಿ ಅಮೆರಿಕದ ಕ್ರಿಸ್ ಹಾರ್ನರ್ ಇಡೀ ಸ್ಪರ್ಧೆಯನ್ನು ಗೆದ್ದ ಅಂತರ ಕೇವಲ 7 ಸೆಕೆಂಡು ಎಂಬುದನ್ನು ನೆನೆದರೆ ಈ ಲೆಕ್ಕದ ಮಹತ್ವ ಮನದಟ್ಟಾಗುತ್ತದೆ. ತೂಕ ಇಳಿಸುವ ಪೈಪೋಟಿಗೆ ಮಿತಿಯೂ ಇದೆ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸೈಕಲ್ಲಿನ ತೂಕ 6.8 ಕಿಲೋಗಿಂತ ಕಡಿಮೆ ಇರಕೂಡದು.

ವಿಜೇತರನ್ನು ನಿರ್ಣಯಿಸುವ ಕ್ರಮ

ಪ್ರತಿ ಹಂತದಲ್ಲಿ ಸವಾರ ತೆಗೆದುಕೊಂಡ ಕಾಲವನ್ನು ಕೂಡುತ್ತಾ ಹೋಗಲಾಗುತ್ತದೆ. ಒಟ್ಟು ಕಾಲ ಅತಿ ಕಡಿಮೆ ಇರುವವರು ಮುಂಚೂಣಿಯ ಹಳದಿ ಅಂಗಿಯನ್ನು ಧರಿಸುತ್ತಾರೆ. ಆದ್ದರಿಂದ ಒಂದು ಹಂತವನ್ನೂ ಗೆಲ್ಲದೆ ಇಡೀ ಸ್ಪರ್ಧೆಯನ್ನು ಗೆಲ್ಲುವುದು ಸಾಧ್ಯ. ಒಟ್ಟಾಗಿ ಗುಂಪಿನಲ್ಲಿ ಗುರಿ ಮುಟ್ಟಿದವರಿಗೆಲ್ಲ ಒಂದೇ ಕಾಲವನ್ನು ನೀಡಲಾಗುತ್ತದೆ. ಹಂತದ ವಿಜೇತನಿಗಿಂತ ನಿಗದಿತ ಶೇಕಡಾವಾರು ಮಿತಿಯನ್ನು ಮೀರಿ ಹಿಂದುಳಿದವರನ್ನು ಸ್ಪರ್ಧೆಯಿಂದ ಕೈಬಿಡಲಾಗುತ್ತದೆ. ಬೆಟ್ಟದ ಏರುಗಳಿಗೆ ಮತ್ತು ಹಂತದ ಸ್ಥಾನಗಳಿಗೆ ಪ್ರತ್ಯೇಕ ಅಂಕಗಳ ಪಟ್ಟಿಗಳಿರುತ್ತವೆ.

ಪ್ರತಿ ತಂಡದಲ್ಲಿ ಏಳು ಸವಾರರು. ಸಮತಟ್ಟಾದ ರಸ್ತೆಯಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಸಾಗಿದರೆ ಗಾಳಿಯ ತಡೆ ತಗ್ಗಿ ಶ್ರಮ ಗಣನೀಯವಾಗಿ ಉಳಿಯುತ್ತದೆ. ಕಡಿದಾದ ಏರಿನಲ್ಲಿ ವೇಗ ಕುಗ್ಗುವುದರಿಂದ ಈ ಆಸರೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಲ್ಲಿ ತಂಡದ ಬಲಕ್ಕಿಂತ ಸವಾರನ ಸ್ವಂತ ಬಲವೇ ಮೇಲುಗೈ ಪಡೆಯುವುದು ಈ ಕಾರಣದಿಂದ.

ಇಳಿಜಾರು ಮತ್ತು ಸುರಕ್ಷತೆ

ನೋಡುಗರ ಗಮನ ಏರಿನ ಮೇಲಿದ್ದರೂ ಅಪಾಯವಿರುವುದು ಇಳಿಜಾರಿನಲ್ಲಿ. 2024ರ ಏಪ್ರಿಲ್ 4ರಂದು ನಾಲ್ಕನೆಯ ಹಂತದಲ್ಲಿ, ಗುರಿಗೆ ಇನ್ನೂ 35 ಕಿ.ಮೀ.ಗೂ ಹೆಚ್ಚು ದೂರವಿರುವಾಗ, ಓಲಾಯೆತಾ ಘಟ್ಟದ ಇಳಿಜಾರಿನ ಬಲ ತಿರುವಿನಲ್ಲಿ ಹತ್ತಕ್ಕೂ ಹೆಚ್ಚು ಸವಾರರು ಒಟ್ಟಿಗೆ ರಸ್ತೆಯಿಂದಾಚೆಗೆ ಉರುಳಿದರು. ತಿರುವಿನ ಹೊರ ಅಂಚಿನಲ್ಲಿ ಕಾಂಕ್ರೀಟ್ ಚರಂಡಿಯೂ ಬಂಡೆ, ಮರಗಳೂ ಇದ್ದವು. ಹಿಂದಿನ ವರ್ಷದ ವಿಜೇತ, ಡೆನ್ಮಾರ್ಕಿನ ಯೋನಸ್ ವಿಂಗೆಗಾರ್ಡ್ ಅವರ ಕೊರಳೆಲುಬು ಮತ್ತು ಪಕ್ಕೆಲುಬುಗಳು ಮುರಿದವು, ಶ್ವಾಸಕೋಶಕ್ಕೂ ಪೆಟ್ಟಾಯಿತು. ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಅವರಿಗೆ ಕೊರಳೆಲುಬು ಹಾಗೂ ಹೆಗಲ ಮೂಳೆಯ ಮುರಿತ ಉಂಟಾಯಿತು. ಆಸ್ಟ್ರೇಲಿಯಾದ ಜೇ ವೈನ್ ಅವರ ಬೆನ್ನುಮೂಳೆಗೆ ಗಾಯವಾಯಿತು. ಮುಂಚೂಣಿಯಲ್ಲಿದ್ದ ಸ್ಲೊವೇನಿಯಾದ ಪ್ರಿಮೊಜ್ ರೊಗ್ಲಿಚ್ ಸ್ಪರ್ಧೆಯಿಂದ ಹೊರನಡೆದರು.

ಅಂದು ಸಂಘಟಕರು ಮುಖ್ಯ ಗುಂಪಿನ ಸ್ಪರ್ಧೆಯನ್ನು ಸ್ಥಗಿತಗೊಳಿಸಿದರು. ಲಭ್ಯವಿದ್ದ ಆಂಬುಲೆನ್ಸ್‌ಗಳು ಗಾಯಾಳುಗಳ ಸೇವೆಗೆ ತೊಡಗಿದ್ದರಿಂದ ಸ್ಪರ್ಧೆಯನ್ನು ಮುಂದುವರಿಸುವುದು ಸುರಕ್ಷಿತವಾಗಿರಲಿಲ್ಲ. ಅಪಘಾತಕ್ಕೆ ಮುನ್ನವೇ ಬೇರ್ಪಟ್ಟು ಮುಂದೆ ಸಾಗಿದ್ದ ಸಣ್ಣ ಗುಂಪಿಗೆ ಮಾತ್ರ ಹಂತದ ಜಯಕ್ಕಾಗಿ ಸೆಣಸಲು ಅವಕಾಶ ನೀಡಲಾಯಿತು. ದಕ್ಷಿಣ ಆಫ್ರಿಕಾದ ಲೂಯಿ ಮೆಂಟ್‌ಜಿಸ್ ಗೆದ್ದರು. ಒಟ್ಟು ಸ್ಪರ್ಧೆಯ ಜಯ ಸ್ಪೇನ್‌ನ ಹುವಾನ್ ಆಯುಸೊ ಅವರದಾಯಿತು. ಗಾಯಗೊಂಡವರ ಚೇತರಿಕೆಯೂ ದಾಖಲಿಸತಕ್ಕ ಸಂಗತಿ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ ವಿಂಗೆಗಾರ್ಡ್ ಅದೇ ವರ್ಷದ ಫ್ರಾನ್ಸ್ ಪ್ರವಾಸದಲ್ಲಿ ಎರಡನೆಯ ಸ್ಥಾನ ಪಡೆದರು. ಎವೆನೆಪೂಲ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನದ ಪದಕ ಗೆದ್ದರು.

ಎಲ್ಲರೂ ಹೀಗೆ ಮರಳುವುದಿಲ್ಲ. 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಕಜಕಸ್ತಾನದ ಆಂದ್ರೆ ಕಿವಿಲೆವ್ ಹೆಲ್ಮೆಟ್ ಇಲ್ಲದೆ ಬಿದ್ದು ಮೃತಪಟ್ಟ ನಂತರವೇ ವೃತ್ತಿಪರ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಆಗಲೂ ಕೊನೆಯ ದೀರ್ಘ ಏರಿನಲ್ಲಿ ಅದನ್ನು ತೆಗೆಯಲು ಮೊದಮೊದಲು ಅನುಮತಿ ಇತ್ತು. ಈ ವಿನಾಯಿತಿಯನ್ನು ಅನಂತರ ಹಿಂಪಡೆಯಲಾಯಿತು. ಇಳಿಜಾರಿನಲ್ಲಿ ವೇಗಕ್ಕಾಗಿ ಸೀಟನ್ನು ಬಿಟ್ಟು ಚೌಕಟ್ಟಿನ ಮೇಲಿನ ದಂಡದ ಮೇಲೆ ಕುಳಿತು ಸಾಗುವುದನ್ನು 2021ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. 2023ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್ ಪ್ರವಾಸ ಸ್ಪರ್ಧೆಯ ಆಲ್ಬುಲಾ ಇಳಿಜಾರಿನಲ್ಲಿ ಗೀನೊ ಮೇಡರ್ ಕಂದಕಕ್ಕೆ ಉರುಳಿ ಅಸುನೀಗಿದರು. ಹೆಲ್ಮೆಟ್ ತಲೆಯನ್ನು ಒಂದು ಮಿತಿಯವರೆಗೆ ಕಾಪಾಡುತ್ತದೆ; ತಿರುವಿನಾಚೆ ಏನಿದೆ ಎಂಬುದು ಮಾರ್ಗವನ್ನು ಆರಿಸುವವರ ಹೊಣೆ.

ವೀಕ್ಷಕರಿಗೆ

ರಸ್ತೆ ಬದಿಯಲ್ಲಿ ನಿಂತು ಸ್ಪರ್ಧೆಯನ್ನು ನೋಡಲು ಶುಲ್ಕವಿರುವುದಿಲ್ಲ. ಸವಾರರು ಬರುವುದಕ್ಕೆ ಮುನ್ನ ರಸ್ತೆಯನ್ನು ವಾಹನಗಳಿಗೆ ಮುಚ್ಚಲಾಗುವುದರಿಂದ ಏರಿನ ಸ್ಥಳಗಳಿಗೆ ಮುಂಚಿತವಾಗಿ ನಡೆದು ಅಥವಾ ಸೈಕಲ್ಲಿನಲ್ಲಿ ತಲುಪುವುದು ಸೂಕ್ತ. ಏಪ್ರಿಲ್‌ನಲ್ಲಿ ಸ್ಪೇನ್‌ನ ಸಮಯವು ಭಾರತದ ಸಮಯಕ್ಕಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ 5 ಗಂಟೆಗೆ ಮುಗಿಯುವ ಹಂತವು ಇಲ್ಲಿ ರಾತ್ರಿ 8.30ಕ್ಕೆ ಮುಗಿದಂತಾಗುತ್ತದೆ.

ಸವಾರರಾಗಬಯಸುವವರಿಗೆ

ಇತ್ಸುಲಿಯಾದಂತಹ ಸ್ಪರ್ಧೆಗೆ ವೈಯಕ್ತಿಕ ಅರ್ಜಿ ಸಲ್ಲಿಸಲು ಅವಕಾಶವಿಲ್ಲ. ವಿಶ್ವ ಪ್ರವಾಸ ಶ್ರೇಣಿಯ ತಂಡಗಳು ಮತ್ತು ಸಂಘಟಕರ ಆಹ್ವಾನ ಪಡೆದ ತಂಡಗಳು ಮಾತ್ರ ಭಾಗವಹಿಸುತ್ತವೆ. ಅಂತರರಾಷ್ಟ್ರೀಯ ರಸ್ತೆ ಸ್ಪರ್ಧೆಗಳಲ್ಲಿ ಸವಾರಿ ಮಾಡಲು ಸವಾರನು ವಾಸವಿರುವ ದೇಶದ ರಾಷ್ಟ್ರೀಯ ಸಂಸ್ಥೆಯಿಂದ ಪರವಾನಗಿ ಪಡೆದಿರಬೇಕು. ಭಾರತದಲ್ಲಿ ಈ ಸಂಸ್ಥೆ ಭಾರತೀಯ ಸೈಕ್ಲಿಂಗ್ ಒಕ್ಕೂಟ. 17 ಮತ್ತು 18 ವರ್ಷದವರು ಕಿರಿಯರ ವರ್ಗಕ್ಕೂ, 19ರಿಂದ 22 ವರ್ಷದವರು 23ರ ಒಳಗಿನವರ ವರ್ಗಕ್ಕೂ ಸೇರುತ್ತಾರೆ. ವಯಸ್ಸನ್ನು ಆಯಾ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕಲಾಗುತ್ತದೆ. ಜನನ ದಿನಾಂಕದ ದಾಖಲೆಯಲ್ಲಿ ವ್ಯತ್ಯಾಸವಿದ್ದಲ್ಲಿ ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು.

ಪರವಾನಗಿ ಪಡೆದ ಸವಾರನು ಉದ್ದೀಪನ ಮದ್ದು ನಿಗ್ರಹ ನಿಯಮಗಳಿಗೆ ಒಳಪಡುತ್ತಾನೆ. ನಿಯಮ ಮೀರಿದ್ದು ಅನಂತರ ಸಾಬೀತಾದರೂ ಹಿಂದಿನ ಫಲಿತಾಂಶ ರದ್ದಾಗಬಹುದು: 2010ರ ಇತ್ಸುಲಿಯಾದಲ್ಲಿ ಎರಡನೆಯವರಾಗಿದ್ದ ಆಲೆಹಾಂದ್ರೊ ವಾಲ್ವೆರ್ದೆ ಅವರ ಸ್ಥಾನವು ಹಾಗೆ ರದ್ದಾಯಿತು. ನೋವಿನ ಮಾತ್ರೆಗಳೂ ಇದಕ್ಕೆ ಹೊರತಲ್ಲ. ಟ್ರಾಮಡಾಲ್ ಔಷಧವನ್ನು ಸೈಕ್ಲಿಂಗಿನಲ್ಲಿ 2019ರಿಂದ, ಎಲ್ಲ ಕ್ರೀಡೆಗಳ ಸ್ಪರ್ಧಾ ಅವಧಿಯಲ್ಲಿ 2024ರ ಜನವರಿ 1ರಿಂದ ನಿಷೇಧಿಸಲಾಗಿದೆ. ಉಬ್ಬಸ ಮೊದಲಾದ ಕಾಯಿಲೆಗಳಿಗೆ ನಿಷೇಧಿತ ಪಟ್ಟಿಯಲ್ಲಿರುವ ಔಷಧ ಅನಿವಾರ್ಯವಾದಲ್ಲಿ, ರಾಷ್ಟ್ರ ಮಟ್ಟದ ಕ್ರೀಡಾಪಟುಗಳು ವೈದ್ಯರ ದಾಖಲೆಗಳೊಂದಿಗೆ ರಾಷ್ಟ್ರೀಯ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಗೆ ಚಿಕಿತ್ಸಾ ವಿನಾಯಿತಿಗಾಗಿ ಅರ್ಜಿ ಸಲ್ಲಿಸತಕ್ಕದ್ದು. ತುರ್ತು ಚಿಕಿತ್ಸೆಯ ಸಂದರ್ಭಗಳನ್ನು ಹೊರತುಪಡಿಸಿ, ವಿನಾಯಿತಿ ದೊರೆತ ನಂತರವೇ ಔಷಧವನ್ನು ಬಳಸಬೇಕು.